ಆಚೆಯ ಲೋಕದ ಹಸಿವು

ಮರಣಾನಂತರ ಜೀವರು ಸೇರುವ ಲೋಕವೊಂದುಂಟೆಂದೂ, ಅದು ಈ ಮರ್ತ್ಯದ ಪಡಿಯಚ್ಚೆಂದೂ ಬಹುಜನರ ನಂಬಿಕೆ. ಇಲ್ಲಿಯ ಹಸಿವು ಅಲ್ಲಿಯೂ ಉಂಟು, ಆದುದರಿಂದ ಪಿಂಡ. ಇಲ್ಲಿಯ ಬಾಯಾರಿಕೆ ಅಲ್ಲಿಯೂ ಉಂಟು, ಆದುದರಿಂದ ತಿಲೋದಕ. ದಾಟಲು ವೈತರಣಿಯೆಂಬ ಹೊಳೆಯುಂಟು, ಅದಕ್ಕೆ ಗೋದಾನವೇ ಹರಿಗೋಲು. ಮನುಷ್ಯರ ಒಂದು ತಿಂಗಳು ಪಿತೃಗಳಿಗೆ ಒಂದು ಹಗಲಿರುಳೆಂದು ಮನುಸ್ಮೃತಿಯು ಕಾಲಗಣನೆಯನ್ನೂ ಹೇಳಿದೆ. ಚಿತ್ರಗುಪ್ತನ ಕಡತವನ್ನು ನೆನೆದರಂತೂ ಹಿಂದಿನ ಕಾಲದ ಶಾನುಭೋಗರ ಚಾವಡಿಯೇ ಕಣ್ಣಿಗೆ ಕಟ್ಟುವುದು.

ಪಡಿಯಚ್ಚೆಂದ ಮೇಲೆ ಮೂಲದ ಕೊರತೆಗಳೂ ಅಲ್ಲಿ ಮೂಡದೆ ಇರವು. ಸಿರಿವಂತನ ಹಿರಿಯರು ಅಲ್ಲಿ ತುಂಬ ಉಣ್ಣಬೇಕು, ಕೂಲಿಯವನ ಹಿರಿಯರು ಉಪವಾಸವಿರಬೇಕು! ಶಿವನ ನ್ಯಾಯವು ದಕ್ಷಿಣೆಯ ಅಳತೆಗೆ ಸಿಲುಕುವುದೆ?

ಲಿಂಗವಂತರಲ್ಲಿ ದೇಹವನ್ನಿಳಿಸಿದವರನ್ನು ಲಿಂಗೈಕ್ಯರಾದರೆನ್ನುವರು. ಕಾಯವನ್ನು ಕುಳ್ಳಿರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ, ವಿಭೂತಿ ಬಿಲ್ವಪತ್ರೆಗಳೊಡನೆ ಸಮಾಧಿ ಮಾಡುವರು. ಮರಣಸೂತಕವೂ ಇಲ್ಲ, ಪ್ರೇತವೆಂಬ ಎಣಿಕೆಯೂ ಇಲ್ಲ. ಲಿಂಗದಲ್ಲಿ ಬೆರೆತವನಿಗೆ ಆಚೆಯೆಂಬುದು ಯಾವುದು?

ಹರಿಹರನ ರಗಳೆಗಳಲ್ಲಿಯೂ ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಕೈಲಾಸಕ್ಕೆ ಓಲಗವುಂಟು, ಗಣಂಗಳುಂಟು, ಶಿವಪಾರ್ವತಿಯರ ವಾದವೂ ಉಂಟು. ಅದೂ ಮರ್ತ್ಯದ ಪಡಿಯಚ್ಚೇ ಅಲ್ಲವೆ ಎಂದು ಕೇಳಬಹುದು. ಅಹುದು. ಆದರೆ ಅಲ್ಲಿಯ ವಾದವು ಅಲ್ಲಿ ತೀರಲಿಲ್ಲ. ಮಾಯೆಯು ಬನವಸೆಯಲ್ಲಿ ಹುಟ್ಟಿಬರಬೇಕಾಯಿತು, ಅಲ್ಲಮನನ್ನು ಅಲ್ಲಿಯೇ ಒರೆಗೆ ಹಚ್ಚಬೇಕಾಯಿತು. ಬಸವಣ್ಣನವರು ಮರ್ತ್ಯವನ್ನು ನಾಣ್ಯವಚ್ಚೊತ್ತುವ ಕಮ್ಮಟಕ್ಕೆ ಹೋಲಿಸಿದುದೂ ಈ ಅರ್ಥದಲ್ಲಿಯೇ.

ಇಷ್ಟೆಲ್ಲ ಬಲ್ಲ ಮನೆಯಲ್ಲಿಯೂ ಎಳೆಯ ಮಗನೊಬ್ಬನು ತೀರಿಕೊಂಡರೆ ತಾಯಿಯ ಮನಸ್ಸು ತತ್ತ್ವವನ್ನು ಕೇಳದು. ಊಟದ ಹೊತ್ತಿಗೆ ಅವನ ತಟ್ಟೆಯನ್ನೂ ಇಡುವಳು. ಸತ್ತವರ ಮಾತನ್ನು ನುಡಿಸುವೆವೆನ್ನುವ ಕಣಿಯವರ ಬಾಗಿಲಿಗೂ ಹೋಗುವಳು. ಅವಳನ್ನು ಗದರಿಸುವುದು ಬಹು ಸುಲಭ. ಆಚಾರದ ಹೆಸರಿನಲ್ಲಿ ಹಾಗೆ ಗದರಿಸುವವರೂ ಇಲ್ಲದಿಲ್ಲ. ಆದರೆ ಅವಳು ಕೇಳುವುದು ಒಂದೇ ಮಾತು: ‘ಅಲ್ಲಿ ನನ್ನ ಕೂಸಿಗೆ ಉಣ್ಣಲಿಕ್ಕುವವರು ಯಾರು?’

ಕಲ್ಯಾಣದಲ್ಲಿ ಆಯ್ದಕ್ಕಿಯ ಮಾರಯ್ಯನು ಚೆಲ್ಲಿದ ಅಕ್ಕಿಯನ್ನಾಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಎಂದಿನದಕ್ಕಿಂತ ಹೆಚ್ಚು ತಂದನು. ಲಕ್ಕಮ್ಮನು ಅದನ್ನು ಒಲೆಯ ಬಳಿಗೂ ಒಯ್ಯಗೊಡದೆ, ತಂದೆಡೆಯಲ್ಲಿಯೇ ಸುರಿದು ಬಾರೆಂದು ಗಂಡನನ್ನು ಹಿಂದಕ್ಕೆ ಕಳುಹಿದಳು. ನಾಳೆಗೆಂದು ಕೂಡಿಡದ ಆ ಮನೆಯಲ್ಲಿ ಪರಲೋಕಕ್ಕೆಂದು ಬುತ್ತಿ ಕಟ್ಟುವುದೆಂತು? ಅಂದಿನ ಅಕ್ಕಿ ಅಂದೇ ಬಂದ ಜಂಗಮದ ಎದುರಿಗೆ ಅನ್ನವಾಗುತ್ತಿತ್ತು.

ಆ ತಾಯಿಗೆ ಹೇಳತಕ್ಕುದೂ ಇಷ್ಟೇ. ಕೂಸು ಹಸಿದಿಲ್ಲ, ಏಕೆಂದರೆ ಅದು ಹಸಿಯುವ ಎಡೆಗೆ ಹೋಗಿಲ್ಲ. ಅದಕ್ಕೆಂದಿಟ್ಟ ತಟ್ಟೆಯನ್ನು ತೆಗೆದು ಬಚ್ಚಿಡಬೇಕಾಗಿಯೂ ಇಲ್ಲ. ಮಠದ ದಾಸೋಹದ ಪಂಕ್ತಿಯಲ್ಲಿ ಅದೇ ವಯಸ್ಸಿನ ಮಗುವೊಂದು ಕುಳಿತಿರುತ್ತದೆ. ಅದರ ಮುಂದೆ ಇಡಬಹುದು. ಅಳು ಅದರಿಂದ ನಿಲ್ಲುವುದೆಂದಲ್ಲ. ಬಡಿಸುವಾಗ ಕಣ್ಣೀರು ಬಂದರೆ ಬರಲಿ, ಪಂಕ್ತಿಯಲ್ಲಿ ಯಾರೂ ಅದನ್ನು ಸೂತಕವೆನ್ನರು.