ಕೇಳದಿದ್ದರೂ ಹೇಳಬೇಕೆ?



ನಮ್ಮ ಧರ್ಮಕೇಂದ್ರದ ಹಳೆಯ ಕಾರನ್ನು ನೋಡಲು ಕಳೆದ ತಿಂಗಳು ಒಬ್ಬ ಯುವಕ ಬಂದಿದ್ದ. ಮದುವೆಯಾಗಿ ಎರಡು ವರ್ಷ. ಹೆಂಡತಿಗೆ ಈಗ ಆರು ತಿಂಗಳು. ಮನೆ ಮುಖ್ಯ ರಸ್ತೆಯಿಂದ ಏಳು ಕಿಲೋಮೀಟರ್ ಒಳಗೆ, ಕಾಫಿ ತೋಟಗಳ ನಡುವೆ. "ರಾತ್ರಿ ಹೊತ್ತು ಏನಾದ್ರೂ ಆದ್ರೆ ಅಲ್ಲಿ ಆಟೋ ಸಿಗೋದಿಲ್ಲ ಫಾದರ್, ಅದಕ್ಕೇ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ನೋಡ್ತಿದ್ದೀನಿ" ಎಂದ. ಬೀಗದ ಕೈ ಕೊಟ್ಟೆ. ಕುಳಿತು ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ದೀಪ ಉರಿಯಿತು, ಹಾರ್ನ್ ಕೂಗಿತು, ವೈಪರ್ ಆಡಿತು. ಅವನ ಮುಖ ಅರಳಿತು. ಇಳಿದು ಬಂದವನು, "ಫಾದರ್ ಹತ್ತಿರ ಇದ್ದ ಗಾಡಿ ಅಂದಮೇಲೆ ಇನ್ನು ಕೇಳೋದೇನಿದೆ?" ಎಂದುಬಿಟ್ಟ.

ಅವನು ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಕಾರನ್ನು ನಾಲ್ಕು ವರ್ಷಗಳ ಹಿಂದೆ ನಾವು ಕೊಂಡದ್ದೂ ಸೆಕೆಂಡ್ ಹ್ಯಾಂಡೇ. ಐದು ಉಪಕೇಂದ್ರಗಳಿಗೆ ಪೂಜೆಗೆ ಹೋಗಿಬರಬೇಕು, ಮಳೆಗಾಲದಲ್ಲಿ ಬೈಕ್ ಆಗದು ಎಂದು ಭಕ್ತಾದಿಗಳೇ ಹಣ ಕೂಡಿಸಿಕೊಟ್ಟರು. ಮೊದಲ ಮೂರು ತಿಂಗಳು ಚೆನ್ನಾಗಿಯೇ ಓಡಿತು. ಆಮೇಲೆ ಒಂದು ಬೆಳಿಗ್ಗೆ ಬೀಗದ ಕೈ ತಿರುಗಿಸಿದರೆ ಟಿಕ್ ಟಿಕ್ ಸದ್ದು ಮಾತ್ರ. ಬ್ಯಾಟರಿ ಹಳೆಯದೆಂದು ಹೊಸದು ಹಾಕಿಸಿದೆವು. ಒಂದು ತಿಂಗಳಲ್ಲಿ ಮತ್ತೆ ಅದೇ ಕಥೆ. ಆಲ್ಟರ್ನೇಟರ್ ಬಿಚ್ಚಿ ನೋಡಿದರು. ಎಂಜಿನ್ ಓಡುವಾಗ ಹದಿನಾಲ್ಕು ವೋಲ್ಟ್ ಬರುತ್ತಿತ್ತು, ಅದರ ತಪ್ಪಲ್ಲ. ಇಲಿ ವೈರು ಕಡಿದಿದೆ ಎಂದೊಬ್ಬರು, ಮ್ಯೂಸಿಕ್ ಸಿಸ್ಟಮ್ ತಪ್ಪಾಗಿ ಜೋಡಿಸಿದ್ದಾರೆ ಎಂದಿನ್ನೊಬ್ಬರು. ನಾನು ಗುರುಮಠದಲ್ಲಿ ತತ್ವಶಾಸ್ತ್ರ ಓದಿದವನು. ವಿದ್ಯುತ್ತಿನ ಶಾಸ್ತ್ರ ಕಲಿತದ್ದು ಈ ಕಾರಿನಿಂದ. ನಿಂತ ಕಾರಿಗೂ ಗಡಿಯಾರ, ಡೋರ್ ಲಾಕ್ ಮುಂತಾದವಕ್ಕಾಗಿ ಅಷ್ಟಿಷ್ಟು ವಿದ್ಯುತ್ತು ಬೇಕು, ಆದರೆ ಅದು ಸಾಮಾನ್ಯವಾಗಿ 50 ಮಿಲಿಆಂಪಿಯರ್ ದಾಟಬಾರದು. ಎಲ್ಲೋ ಅರ್ಧ ಆಂಪಿಯರ್ ಸೋರುತ್ತಿದ್ದರೆ 35 ಆಂಪಿಯರ್-ಅವರ್ ಬ್ಯಾಟರಿ ಮೂರು ದಿನ ತುಂಬುವುದರೊಳಗೆ ಬರಿದು. ಇನ್ನು ಅರ್ಥಿಂಗ್. ಬ್ಯಾಟರಿಯ ನೆಗೆಟಿವ್ ತುದಿಯನ್ನು ಗಾಡಿಯ ಕಬ್ಬಿಣದ ಮೈಗೇ ಬಿಗಿದಿರುತ್ತಾರೆ. ಹೋದ ವಿದ್ಯುತ್ತು ಆ ಮೈಯ ಮೂಲಕವೇ ಮರಳಬೇಕು. ಆ ಬೋಲ್ಟಿಗೆ ತುಕ್ಕು ಹಿಡಿದರೆ ದೀಪ ಮಂಕಾಗುತ್ತದೆ, ಸೆಲ್ಫ್ ಎತ್ತುವುದಿಲ್ಲ, ಗುಂಡಿಯಲ್ಲೊಮ್ಮೆ ಗಾಡಿ ಕುಲುಕಿದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ! ನಮ್ಮ ಊರಿನ ಎಲೆಕ್ಟ್ರಿಷಿಯನ್ ಅದನ್ನು ಕಂಡುಹಿಡಿದು ಉಜ್ಜಿ ಬಿಗಿದುಕೊಟ್ಟ. ನಾಲ್ಕು ತಿಂಗಳು ನೆಮ್ಮದಿ. ಮತ್ತೆ ಶುರು.

ಕಂಪನಿಯ ಷೋರೂಮಿಗೆ ಮೂರು ಸಲ ಒಯ್ದೆ. ಕಂಪ್ಯೂಟರ್ ಜೋಡಿಸಿ ನೋಡಿ, "ಯಾವ ತೊಂದರೆಯೂ ತೋರಿಸ್ತಿಲ್ಲ ಸರ್" ಎಂದರು. ಷೋರೂಮಿನ ಅಂಗಳದಲ್ಲಿ ಅದು ಎಂದೂ ಕೈಕೊಡಲಿಲ್ಲ. ಮೂರನೆಯ ಸಲ, ಇಡೀ ವೈರಿಂಗನ್ನೇ ಬದಲಿಸಿ ನೋಡಬಹುದು, ಆದರೆ ಸರಿಹೋಗುತ್ತದೆಂಬ ಭರವಸೆ ಕೊಡಲಾಗದು ಎಂದರು. ಕಂಪನಿಗೆ ಎರಡು ಪತ್ರ ಬರೆದೆ. ವಾರಂಟಿ ಮುಗಿದಿದೆ, ಹತ್ತಿರದ ಸರ್ವಿಸ್ ಕೇಂದ್ರವನ್ನು ಸಂಪರ್ಕಿಸಿರಿ ಎಂಬ ಒಂದೇ ಉತ್ತರ. ಆ ಕೇಂದ್ರದಿಂದ ಬರಿಗೈಲಿ ಬಂದೇ ನಾನು ಪತ್ರ ಬರೆದದ್ದು.

ಇದೆಲ್ಲ ಹಣದ, ಕಿರಿಕಿರಿಯ ಮಾತು. ಆದರೆ ಎರಡು ವರ್ಷಗಳ ಹಿಂದೆ ಜುಲೈ ತಿಂಗಳ ಒಂದು ರಾತ್ರಿ ಎಸ್ಟೇಟೊಂದರಿಂದ ಫೋನ್ ಬಂತು. ಅಜ್ಜಿಯೊಬ್ಬರಿಗೆ ರೋಗಿಗಳ ಅಭ್ಯಂಗ ಸಂಸ್ಕಾರ ಕೊಡಬೇಕಿತ್ತು. ಹೊರಟೆ. ಸೇತುವೆ ದಾಟಿ ಸ್ವಲ್ಪ ದೂರದಲ್ಲಿ ದೀಪ, ಎಂಜಿನ್, ಎಲ್ಲವೂ ಒಮ್ಮೆಗೇ ಆರಿಹೋದವು. ಮೊಬೈಲಿಗೆ ಸಿಗ್ನಲ್ ಇಲ್ಲ. ಮಳೆಯಲ್ಲಿ ನಡೆದು ಒಂದು ಲೈನ್ ಮನೆ ತಲುಪಿ, ಅವರು ಎಬ್ಬಿಸಿಕೊಟ್ಟ ಜೀಪಿನಲ್ಲಿ ಹೋಗುವಷ್ಟರಲ್ಲಿ ಅಜ್ಜಿ ತೀರಿಕೊಂಡು ಇಪ್ಪತ್ತು ನಿಮಿಷವಾಗಿತ್ತು. ಮಗ ಏನೂ ಅನ್ನಲಿಲ್ಲ. "ಇಷ್ಟು ಮಳೇಲಿ ಬಂದ್ರಲ್ಲ ಫಾದರ್" ಎಂದು ಬಿಸಿ ಕಾಫಿ ತಂದುಕೊಟ್ಟರು. ಆ ಲೋಟ ನನ್ನ ಕೈಯಲ್ಲೇ ಆರಿತು.

ಮರುದಿನ ನಾನು, ಒಪ್ಪಿಕೊಳ್ಳುತ್ತೇನೆ, ಸಿಟ್ಟಿನಿಂದಲೇ, ಕಾರನ್ನು ನಮಗೆ ಮಾರಿದವರಿಗೆ ಫೋನ್ ಮಾಡಿದೆ. ಈ ತೊಂದರೆ ಮೊದಲೇ ಇತ್ತೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಮೌನ. ಆಮೇಲೆ, "ಕಂಪನಿಯವರೇ ಏನೂ ಇಲ್ಲ ಅಂದಮೇಲೆ ನಾನೇನಂತ ಹೇಳಲಿ ಫಾದರ್? ಅಲ್ಲದೆ ಹೇಳಿದ್ದರೆ ನೀವು ಕೊಳ್ತಿದ್ರಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ತಯಾರಿಸಿದವರ "ಏನೂ ಇಲ್ಲ" ಎಂಬ ಒಂದು ಮಾತು ಮಾರುವವನ ಬಾಯಿಗೆ ಹೇಗೆ ಬೀಗವಾಗುತ್ತದೆ ಎಂದು ಅಂದು ಕಂಡೆ. ದೋಷವಷ್ಟೇ ಅಲ್ಲ, ಅದರ ಬಗೆಗಿನ ಮೌನವೂ ಕಾರಿನ ಜೊತೆ ಕೈಯಿಂದ ಕೈಗೆ ಮಾರಾಟವಾಗಿ ಬಂದಿತ್ತು. ಈಗ ಅದು ನನ್ನ ಕೈಯಲ್ಲಿತ್ತು. ಮುಂದಿನ ಕೈ ಆ ಯುವಕನದು.

ಈಗ ನೀವು ಹೇಳಿ, ಅವನು ಕೇಳದಿದ್ದರೂ ನಾನು ಹೇಳಬೇಕೆ?

ನಮ್ಮ ಹಣಕಾಸು ಸಮಿತಿಯ ಹಿರಿಯರೊಬ್ಬರ ಅಭಿಪ್ರಾಯ ಸ್ಪಷ್ಟವಾಗಿತ್ತು: "ಕೇಳಿದರೆ ಸುಳ್ಳು ಹೇಳಬೇಡಿ ಫಾದರ್. ಕೇಳದಿದ್ದರೆ ಸುಮ್ಮನಿರಿ. ಅದು ನಿಮ್ಮ ದುಡ್ಡಲ್ಲ, ಜನರ ದುಡ್ಡು." ಅವರು ದುಷ್ಟರಲ್ಲ, ಹಬ್ಬದ ಲೆಕ್ಕದಲ್ಲಿ ಹತ್ತು ರೂಪಾಯಿ ಹೆಚ್ಚುಕಮ್ಮಿಯಾದರೆ ತಮ್ಮ ಜೇಬಿನಿಂದ ತುಂಬುವವರು. ಕಾನೂನೂ ಬಹುಮಟ್ಟಿಗೆ ಅವರ ಕಡೆಗೇ ಇದೆ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ವಿಧಿಯಲ್ಲಿ ಇದಕ್ಕೆ ಒಂದು ಕುದುರೆಯ ಉದಾಹರಣೆಯಿದೆ. ಕುದುರೆಗೆ ಐಬು ಇದೆಯೆಂದು ಗೊತ್ತಿದ್ದೂ ಒಬ್ಬ ಅದನ್ನು ಹರಾಜಿನಲ್ಲಿ ಮಾರುತ್ತಾನೆ, ಏನೂ ಹೇಳುವುದಿಲ್ಲ. ಕಾಯಿದೆಯ ಪ್ರಕಾರ ಅದು ಮೋಸವಲ್ಲ. ಆದರೆ ಅದೇ ಕಾಯಿದೆ ಅಲ್ಲಿಗೇ ನಿಲ್ಲುವುದಿಲ್ಲ. ಕೊಳ್ಳುವವಳು ಮಾರುವವನ ಸ್ವಂತ ಮಗಳು, ಈಗಷ್ಟೇ ವಯಸ್ಕಳಾದವಳು ಎಂದಿಟ್ಟುಕೊಳ್ಳಿ. ಆಗ ಆ ಸಂಬಂಧದ ಕಾರಣದಿಂದಲೇ ಅವನು ಹೇಳಲೇಬೇಕು. ಇನ್ನೊಂದು: ನೀವು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ ಎಂದು ಕೊಳ್ಳುವವನು ಹೇಳಿದ್ದರೆ, ಅಲ್ಲಿ ಮೌನವೂ ಮಾತಿಗೆ ಸಮ.

"ಫಾದರ್ ಹತ್ತಿರ ಇದ್ದ ಗಾಡಿ ಅಂದಮೇಲೆ ಇನ್ನು ಕೇಳೋದೇನಿದೆ?" ಎಂಬ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ವಕೀಲರು ಏನನ್ನುತ್ತಾರೋ ತಿಳಿಯದು. ಆದರೆ ಜನ ನಮ್ಮನ್ನು ಕರೆಯುವುದೇ 'ಫಾದರ್' ಎಂದು.

ಸಂತ ಥಾಮಸ್ ಅಕ್ವಿನಾಸರ ಬಳಿಯೂ ಒಂದು ಕುದುರೆಯಿದೆ. 1274ರಲ್ಲಿ ತೀರಿಕೊಂಡ ಈ ಸಂತರು ತಮ್ಮ 'ಸುಮ್ಮಾ ಥಿಯೊಲಾಜಿಯೆ' ಗ್ರಂಥದ ಎರಡನೆಯ ಭಾಗದಲ್ಲಿ ಕೊಡುಕೊಳ್ಳುವಿಕೆಯ ಮೋಸವನ್ನೇ ಒಂದು ಪ್ರಶ್ನೆಯಾಗಿ ಎತ್ತಿಕೊಂಡಿದ್ದಾರೆ. ನನ್ನಂಥವರು ಪರೀಕ್ಷೆಗಾಗಿ ಓದಿ ಮರೆತ ಪುಟಗಳವು. ಈಚೆಗೆ ಮತ್ತೆ ತೆರೆದು ನೋಡಿದೆ. ಕಣ್ಣಿಗೆ ಕಾಣುವ ಐಬಾದರೆ, ಉದಾಹರಣೆಗೆ ಒಕ್ಕಣ್ಣಿನ ಕುದುರೆಯಾದರೆ, ಮತ್ತು ಅದಕ್ಕೆ ತಕ್ಕಂತೆ ಬೆಲೆ ಇಳಿಸಿದ್ದರೆ, ಬಾಯಿಬಿಟ್ಟು ಹೇಳಬೇಕಾದ ಕಟ್ಟುಪಾಡಿಲ್ಲ. ಒಬ್ಬನಿಗೆ ಒಗ್ಗದ ಪ್ರಾಣಿ ಇನ್ನೊಬ್ಬನ ಕೆಲಸಕ್ಕೆ ಬಂದೀತು. ಆದರೆ ಅಡಗಿದ ದೋಷದಿಂದ ಕೊಳ್ಳುವವನಿಗೆ ನಷ್ಟವೋ ಅಪಾಯವೋ ಇದ್ದರೆ, ಓಡುವ ಕುದುರೆಯೆಂದು ಕುಂಟು ಕುದುರೆಯನ್ನು, ಗಟ್ಟಿ ಮನೆಯೆಂದು ಬೀಳುವ ಮನೆಯನ್ನು ಕೊಟ್ಟರೆ, ಹೇಳದಿರುವುದು ಅನ್ಯಾಯ. ಹಾಗೆಂದು ಸಂತೆಯಲ್ಲಿ ಡಂಗುರ ಸಾರಬೇಕೆಂದಲ್ಲ; ಸಾರಿದರೆ ಕೊಳ್ಳಲು ಯಾರೂ ಬಳಿಗೇ ಬಾರರು. ಬಂದವನಿಗೆ ಪ್ರತ್ಯೇಕವಾಗಿ ಹೇಳಿದರೆ ಸಾಕು. ಗುಣದೋಷ ಎರಡನ್ನೂ ತೂಗಿ ನೋಡಲು ಅವನಿಗೆ ಆಗ ಸಾಧ್ಯ. ತಿಳಿಯದೆ ಮಾರಿದವನಿಗೆ ಪಾಪವಿಲ್ಲ, ಆದರೆ ತಿಳಿದ ದಿನ ಅವನು ನಷ್ಟ ತುಂಬಿಕೊಡಬೇಕು. ಕೊಳ್ಳುವವರಿಗೂ ಇದೇ ನಿಯಮ: ಮಾರುವವನು ಚಿನ್ನವನ್ನು ಹಿತ್ತಾಳೆಯೆಂದು ತಪ್ಪು ತಿಳಿದು ಕೊಟ್ಟರೆ, ಗೊತ್ತಿದ್ದೂ ಸುಮ್ಮನೆ ಒಯ್ಯುವಂತಿಲ್ಲ. (ಸರಕು ಚೆನ್ನಾಗಿಲ್ಲವೆಂದು ಚೌಕಾಸಿ ಮಾಡಿ, ಮನೆಗೆ ಹೋಗುತ್ತಾ ತನ್ನ ಜಾಣ್ಮೆಗೆ ತಾನೇ ಬೀಗುವ ಗಿರಾಕಿಯ ಚಿತ್ರ ಜ್ಞಾನೋಕ್ತಿಗಳ ಇಪ್ಪತ್ತನೆಯ ಅಧ್ಯಾಯದಲ್ಲೇ ಇದೆ. ಸಂತೆಯ ದಿನ ನೆನಪಿಸಿಕೊಳ್ಳಿ.)

ಕುದುರೆಯ ಕುಂಟು ಅಡಗಿದ್ದರೂ ಮಾರುವವನಿಗಾದರೂ ಗೊತ್ತು. ನನ್ನ ಕಾರಿನ ದೋಷ ನನಗೇ ಕಾಣದು! ಕಾರಣ ತಿಳಿಯದ ಮೇಲೆ ಹೇಳುವುದಾದರೂ ಏನನ್ನು? ಕೆಲವು ದಿನ ಈ ವಾದದ ನೆರಳಲ್ಲಿ ತಣ್ಣಗೆ ಕುಳಿತಿದ್ದೆ. ಆದರೆ ನನಗೆ ತಿಳಿಯದಿದ್ದದ್ದು ಕಾರಣ ಮಾತ್ರ. ಎಷ್ಟು ಸಲ, ಎಲ್ಲೆಲ್ಲಿ, ಯಾವ ಹೊತ್ತಿನಲ್ಲಿ ಅದು ಕೈಕೊಟ್ಟಿತೆಂದು ನನ್ನ ಡೈರಿಯಲ್ಲೇ ಬರೆದಿತ್ತು. ಡಾಕ್ಟರು ರೋಗದ ಹೆಸರು ಹೇಳದಿದ್ದರೂ ಜ್ವರ ಬಂದ ದಿನಗಳು ರೋಗಿಗೆ ಗೊತ್ತಿರುವುದಿಲ್ಲವೇ?

"ಜನರ ದುಡ್ಡು" ಎಂಬ ಮಾತು ಮಾತ್ರ ನನ್ನನ್ನು ಹೆಚ್ಚು ಕಾಡಿತು. ನನ್ನ ಸ್ವಂತ ಕಾರಾಗಿದ್ದರೆ ಬಹುಶಃ ಹಿಂದೆಮುಂದೆ ನೋಡದೆ ಹೇಳಿಬಿಡುತ್ತಿದ್ದೆ, ಹೋದರೆ ನನ್ನ ಹಣ. ಧರ್ಮಕೇಂದ್ರದ ಹಣವೆಂದಾಗ ಮೌನಕ್ಕೆ ಕರ್ತವ್ಯದ ಅಂಗಿ ತೊಡಿಸಬಹುದು. ನೀವೂ ಬಲ್ಲಿರಿ. ತನಗಾಗಿ ಎಂದೂ ಸುಳ್ಳಾಡದ ತಂದೆ ಮಗಳ ಮದುವೆಗಾಗಿ ಜಮೀನಿನ ತಕರಾರನ್ನು ಮುಚ್ಚಿಟ್ಟು ಮಾರುತ್ತಾನೆ. ತಾಯಿ ಮಗನ ಕಾಯಿಲೆಯನ್ನು ಸೊಸೆಯ ಮನೆಯವರಿಗೆ ಹೇಳದೆ ಉಳಿಸುತ್ತಾಳೆ. ತನಗಾಗಿ ಅಲ್ಲ ಎಂಬ ಒಂದು ಸಮಾಧಾನವೇ ಮನಸ್ಸಾಕ್ಷಿಗೆ ಜೋಗುಳ.

ಕಂಪನಿಗಳಲ್ಲಿ ನಡೆಯುವುದೂ ಇದೇ, ಪ್ರಮಾಣ ಮಾತ್ರ ದೊಡ್ಡದು. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಕೆಲವು ಮಾದರಿಗಳಲ್ಲಿ ಬೀಗದ ಕೈ ತಿರುಗಿಸುವ ಇಗ್ನಿಷನ್ ಸ್ವಿಚ್ ಸಡಿಲವಾಗಿತ್ತು. ಓಡುವಾಗಲೇ ಅದು ಜಾರಿದರೆ ಎಂಜಿನ್ ಆರುತ್ತಿತ್ತು, ಸ್ಟೀರಿಂಗ್ ಬಿಗಿಯಾಗುತ್ತಿತ್ತು, ಡಿಕ್ಕಿಯಾದರೆ ಏರ್‌ಬ್ಯಾಗ್ ಬಿಚ್ಚುತ್ತಿರಲಿಲ್ಲ. ಎಂಜಿನಿಯರುಗಳಿಗೆ ಈ ಸುಳಿವು ವರ್ಷಗಳ ಮೊದಲೇ ಸಿಕ್ಕಿತ್ತು; ಆದರೂ ಅದನ್ನು ಸುರಕ್ಷತೆಯ ವಿಷಯವೆಂದಲ್ಲ, ಗ್ರಾಹಕರ ಅನುಕೂಲದ ವಿಷಯವೆಂದು ಬಗೆದರು. ಮುಂದೆ ಸ್ವಿಚ್ಚನ್ನು ಬದಲಿಸಿದಾಗಲೂ ಬಿಡಿಭಾಗದ ಸಂಖ್ಯೆಯನ್ನು ಹಳೆಯದೇ ಉಳಿಸಿದ್ದರಿಂದ ದೋಷದ ಜಾಡು ಹಿಡಿಯುವುದು ಕಷ್ಟವಾಯಿತು. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯುವಷ್ಟರಲ್ಲಿ ತಡವಾಗಿತ್ತು. ಆಮೇಲೆ ಪರಿಹಾರ ನಿಧಿಯೇ 124 ಸಾವುಗಳನ್ನು ಒಪ್ಪಿಕೊಂಡಿತು. ಕಂಪನಿಯೇ ಮಾಡಿಸಿದ ವಿಚಾರಣೆಯ ವರದಿ ಅಲ್ಲಿನ ಒಂದು ಅಭ್ಯಾಸವನ್ನು ಬಣ್ಣಿಸುತ್ತದೆ: ಸಭೆಯಲ್ಲಿ ಎಲ್ಲರೂ ಏನಾದರೂ ಮಾಡಲೇಬೇಕೆಂದು ತಲೆಯಾಡಿಸುತ್ತಾರೆ, ಎದ್ದುಹೋದ ಮೇಲೆ ಯಾರೂ ಏನೂ ಮಾಡುವುದಿಲ್ಲ. ಅವರೆಲ್ಲರೂ ಕೇಡಿಗರೆಂದು ನಾನು ನಂಬಲಾರೆ. ನಮ್ಮ ಪಾಲನಾ ಸಮಿತಿಯ ಸಭೆಗಳನ್ನೂ ನೋಡಿದ್ದೇನೆ.

ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ತಯಾರಕರ ಮೇಲೆ ಉತ್ಪನ್ನದ ಹೊಣೆ ಹೊರಿಸಿರುವುದು ಒಳ್ಳೆಯದೇ. ಆದರೆ ಅದು ಲೆಕ್ಕಕ್ಕೆ ಹಿಡಿಯುವುದು ದೋಷದಿಂದಾದ ಗಾಯ, ಸಾವು, ಬೇರೆ ಆಸ್ತಿಯ ನಷ್ಟ ಮುಂತಾದವನ್ನು. ಆ ವಸ್ತುವೇ ಕೆಟ್ಟು ನಿಂತದ್ದನ್ನು ಅಲ್ಲ. ಮಳೆಯ ರಾತ್ರಿ ಇಪ್ಪತ್ತು ನಿಮಿಷ ತಡವಾದದ್ದು ಯಾವ ಕಾಯಿದೆಯ ಲೆಕ್ಕಕ್ಕೂ ಸಿಗದು. ಸಿಗಬೇಕೆಂದೂ ನಾನು ಹೇಳುವುದಿಲ್ಲ.

ಆ ಯುವಕನನ್ನು ಜಗಲಿಯ ಮೇಲೆ ಕೂರಿಸಿ ಡೈರಿ ತೆರೆದು ಓದಿದೆ. ನಾಲ್ಕು ವರ್ಷಗಳಲ್ಲಿ ಹತ್ತೊಂಬತ್ತು ಸಲ. ಯಾವ ಯಾವ ಭಾಗ ಬದಲಿಸಿದೆವು, ಯಾರು ಏನು ಹೇಳಿದರು, ಎಲ್ಲ. ಸೇತುವೆಯ ರಾತ್ರಿಯನ್ನೂ ಹೇಳಿದೆ. ಅವನು ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಮತ್ತೆ ನೀವು ಹೇಗೆ ಓಡಿಸ್ತಿದ್ರಿ ಫಾದರ್?" ಎಂದ. ಡಿಕ್ಕಿಯಲ್ಲಿದ್ದ ಜಂಪರ್ ಕೇಬಲ್, ಟಾರ್ಚು, ಕೊಡೆ ತೋರಿಸಿದೆ. ನಕ್ಕ. ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಹೋದ. ಫೋನ್ ಬರಲಿಲ್ಲ. ಬೇರೆ ಗಾಡಿ ಕೊಂಡನೆಂದು ಆಮೇಲೆ ತಿಳಿಯಿತು.

ಈಗ ಪೇಟೆಯ ಮೆಕ್ಯಾನಿಕ್ ಒಬ್ಬರು ಎಲ್ಲ ತಿಳಿದುಕೊಂಡೇ, ನಾವು ಹೇಳಿದ ಬೆಲೆಗಿಂತ ನಲವತ್ತು ಸಾವಿರ ಕಡಿಮೆಗೆ ಕೇಳಿದ್ದಾರೆ. ವೈರಿಂಗನ್ನು ಪೂರ್ತಿ ಬಿಚ್ಚಿ ತಾವೇ ಹೊಸದಾಗಿ ಎಳೆಯುತ್ತಾರಂತೆ. ಹಣಕಾಸು ಸಮಿತಿಯ ಹಿರಿಯರು ಕಳೆದ ಭಾನುವಾರ ಪೂಜೆ ಮುಗಿಸಿ ಬಂದು, "ಅವರಿಗೂ ಡೈರಿ ಓದಿದ್ರಾ ಫಾದರ್?" ಎಂದು ಕೇಳಿದರು. ಓದಿದೆ ಎಂದೆ. ಕೊಡೆ ಬಿಡಿಸಿಕೊಂಡು ಅಂಗಳಕ್ಕಿಳಿದವರು ತಿರುಗಿ ನಿಂತು, "ಆ ನಲವತ್ತು ಸಾವಿರದ ಮಾತನ್ನು ಸಭೆಯಲ್ಲಿ ನೀವೇ ಹೇಳಬೇಕು" ಎಂದರು. ಮುಂದಿನ ಭಾನುವಾರ ಎರಡನೆಯ ಪೂಜೆಯ ನಂತರ ಸಭೆ ಇದೆ.