ನಾಟಕದ ಕರ್ತೃ ಯಾರು?

ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಕರ್ತೃತ್ವದ ತಕರಾರು ಹಳೆಯದು. ರಾಷ್ಟ್ರಕೂಟರ ಈ ರಾಜಧಾನಿಯಲ್ಲಿ 9ನೇ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವನ್ನು ಬರೆದವನು ದೊರೆ ನೃಪತುಂಗನೋ, ಆಸ್ಥಾನದ ಶ್ರೀವಿಜಯನೋ ಎಂದು ವಿದ್ವಾಂಸರು ದಶಕಗಟ್ಟಲೆ ವಾದಿಸಿದ್ದಾರೆ. ಆಷಾಢದಲ್ಲಿ ಇದೇ ಊರಿಗೆ ಭಕ್ತರು ಬರುವುದು ಟೀಕಾಚಾರ್ಯ ಜಯತೀರ್ಥರ ಆರಾಧನೆಗೆ. ‘ನ್ಯಾಯಸುಧಾ’ ಬರೆದ ಈ ಯತಿ ಎತ್ತಿಹಿಡಿದ ಮಧ್ವಸಿದ್ಧಾಂತದಲ್ಲಿ ಜೀವನು ನಿಜವಾಗಿಯೂ ಕರ್ತೃ. ಆದರೆ ಸ್ವತಂತ್ರನಲ್ಲ, ಹರಿಯ ಅಧೀನ.

ನಾಟಕದ ನಿರ್ದೇಶಕನೂ ಹೀಗೆಯೇ?

ಬಿ.ವಿ. ಕಾರಂತರನ್ನೇ ನೋಡಿ. 1929ರಲ್ಲಿ ದಕ್ಷಿಣ ಕನ್ನಡದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದರು. ಕಂಪನಿಯ ಒಡೆಯ ವೀರಣ್ಣನವರು ಓದಲು ಬನಾರಸಿಗೆ ಕಳಿಸಿದರು. ಅಲ್ಲಿ ಓಂಕಾರನಾಥ ಠಾಕೂರರ ಸಂಗೀತಪಾಠವೂ ದಕ್ಕಿತು. 1977ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಚುಕ್ಕಾಣಿ, ಮುಂದೆ ಭೋಪಾಲದ ರಂಗಮಂಡಲ, 1989ರಲ್ಲಿ ಮೈಸೂರಿನ ರಂಗಾಯಣ. ಕಲಬುರಗಿಯ ರಂಗಾಯಣ ಅದರದೇ ಮುಂದುವರಿಕೆ. 1979ರಲ್ಲಿ ಅವರು ‘ಮ್ಯಾಕ್‌ಬೆತ್’ ಅನ್ನು ‘ಬರ್ನಮ್ ವನ’ವಾಗಿ ರಂಗಕ್ಕೆ ತಂದಾಗ ಕಥೆ ಶೇಕ್ಸ್‌ಪಿಯರನದು, ಹಿಂದಿ ಮಾತು ರಘುವೀರ ಸಹಾಯರದು, ಹೆಜ್ಜೆ ಯಕ್ಷಗಾನದ್ದು, ಬೆವರು ನಟರದು. ಕಾರಂತರದೇನು? ಇವೆಲ್ಲ ಒಂದೇ ರಂಗದ ಮೇಲೆ ಕೂಡಬಹುದೆಂಬ ಹಟ. ಅವರ ಆತ್ಮಕಥೆ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಗೂ ಇಬ್ಬರು ಬೇಕಾದರು: ಹೇಳಿದವರು ಕಾರಂತರು, ಬರಹಕ್ಕಿಳಿಸಿದವರು ವೈದೇಹಿ.

‘ನನ್ನದೇನಿಲ್ಲ, ಎಲ್ಲ ಅವನ ಕೃಪೆ’ ಎಂಬ ವಿನಯ ಸನ್ಮಾನ ಸಭೆಗಳಲ್ಲಿ ಶಾಲಿನ ಜೊತೆಗೇ ಬರುತ್ತದೆ. ವೇದಾಂತ ಅಷ್ಟು ಸಲೀಸಾಗಿ ಯಾರನ್ನೂ ಬಿಡುವುದಿಲ್ಲ. ಜೀವ ಕರ್ತೃವೇ ಅಲ್ಲದಿದ್ದರೆ ಶಾಸ್ತ್ರ ‘ಇದನ್ನು ಮಾಡು, ಅದನ್ನು ಬಿಡು’ ಎಂದು ಹೇಳುವುದಾದರೂ ಯಾರಿಗೆ? ನಾಟಕ ಕೆಟ್ಟಾಗ ಉತ್ತರಿಸಬೇಕಾದವನೊಬ್ಬ ಇರಬೇಕು. ಹೊಗಳಿಕೆಯ ಹೊತ್ತಿಗೆ ನುಣುಚಿಕೊಳ್ಳುವವನು ಬೈಗುಳದ ಹೊತ್ತಿಗೂ ನುಣುಚಿಕೊಂಡಾನು.

ಆದರೆ ಹೋಲಿಕೆ ಪೂರ್ತಿ ಒಗ್ಗುವುದಿಲ್ಲ. ದ್ವೈತದ ಕೊನೆಯಲ್ಲಿ ಯಾರಿಗೂ ಅಧೀನನಲ್ಲದ ಒಬ್ಬನಿದ್ದಾನೆ. ರಂಗದಲ್ಲಿ ಅಂಥವನಿಲ್ಲ. ನಿರ್ದೇಶಕ ನಟರಿಗೆ, ನಟರು ಮಾತಿಗೆ, ಮಾತು ಪ್ರೇಕ್ಷಕರಿಗೆ, ಎಲ್ಲರೂ ಒಂದಿಷ್ಟು ಅನುದಾನಕ್ಕೆ ಅಧೀನ. ಹೀಗೆ ನೋಡಿದರೆ ಚಿತ್ತಾಪುರ ತಾಲ್ಲೂಕಿನ ಭೀಮಾ ತೀರದ ಕನಗನಹಳ್ಳಿ ನೆನಪಾಗಬೇಕು. ಅಲ್ಲಿನ ಬೌದ್ಧಸ್ತೂಪ ಕಟ್ಟಿದವರ ಧರ್ಮ, ಇನ್ನೊಂದನ್ನು ಆಶ್ರಯಿಸದೆ ಹುಟ್ಟುವುದು ಯಾವುದೂ ಇಲ್ಲ ಎನ್ನುತ್ತದೆ. ನಾಟಕ ಹುಟ್ಟುವ ರೀತಿಗೆ ಈ ದರ್ಶನ ಹೆಚ್ಚು ಹತ್ತಿರ. ಹೊಣೆ ಹೊರುವ ಮಾತು ಬಂದಾಗ ಮಳಖೇಡವೇ ಸರಿ. ಎರಡು ಊರುಗಳು ಒಂದೇ ಜಿಲ್ಲೆಯಲ್ಲಿರುವುದು ಕಲಬುರಗಿಯವರ ಅದೃಷ್ಟ.

ರಂಗಾಯಣದ ನಿರ್ದೇಶಕರನ್ನು ನೇಮಿಸುವುದು ಸರ್ಕಾರ. ಅವರು ಬದಲಾಗುತ್ತಾರೆ, ಕಲಾವಿದರು ಉಳಿಯುತ್ತಾರೆ. ನಿರ್ದೇಶಕ ಹೋದ ಮೇಲೂ ಅವನು ಕಟ್ಟಿಕೊಟ್ಟ ನಾಟಕ ಆಡುತ್ತಾರೆ. 2002ರಲ್ಲಿ ಕಾರಂತರು ತೀರಿಕೊಂಡ ಮೇಲೂ ಅವರ ರಂಗಗೀತೆಗಳನ್ನು ತಂಡಗಳು ಹಾಡುತ್ತಿವೆ. ಒಂದೊಂದು ತಂಡ ತನಗೆ ತೋಚಿದ ಶ್ರುತಿಯಲ್ಲಿ.