ನೆಲದ ಮೇಲಿನ ಪದರ

ದೊಡ್ಡಬಳ್ಳಾಪುರದ ನಮ್ಮ ಹಳೆಯ ಮನೆಯಲ್ಲಿ ಅಡುಗೆಮನೆಯದು ಮಣ್ಣಿನ ನೆಲ, ನಡುಮನೆಯದು ರೆಡ್ ಆಕ್ಸೈಡಿನ ಕೆಂಪು ನೆಲ. ಅಡುಗೆಮನೆಯನ್ನು ಅಜ್ಜಿ ಸಗಣಿ ಹಾಕಿ ಸಾರಿಸುತ್ತಿದ್ದರು. ನಡುಮನೆಗೆ ಹಬ್ಬದ ಮುಂಚೆ ನಾಲ್ಕು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಬಟ್ಟೆಯಿಂದ ತಿಕ್ಕುತ್ತಿದ್ದರು. ನೆಲವನ್ನು ಹೊಸದು ಮಾಡುವುದೆಂದರೆ ಅದಕ್ಕೆ ಏನನ್ನಾದರೂ ಕೂಡಿಸುವುದು ಎಂದೇ ತಿಳಿದು ನಾನು ಬೆಳೆದೆ. ಕಳೆಯುವುದೂ ಹೊಸದು ಮಾಡುವ ಒಂದು ಬಗೆ ಎಂದು ಗೊತ್ತಾದದ್ದು ಈಚೆಗೆ, ಮಗನ ಮನೆಯಲ್ಲಿ.

2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ದೇವನಹಳ್ಳಿಯ ಸುತ್ತ ಎದ್ದ ಮನೆಗಳಲ್ಲಿ ಅವನದೂ ಒಂದು. ಮಲಗುವ ಕೋಣೆಗೆ ಮರದ ನೆಲ. ಮರವೆಂದರೆ ಪೂರ್ತಿ ಮರವಲ್ಲ. ಎಳೆಗಳು ಅಡ್ಡಡ್ಡವಾಗಿ ಬರುವಂತೆ ಅಂಟಿಸಿದ ಪ್ಲೈವುಡ್ಡು, ಅದರ ಮೇಲೆ ಓಕ್ ಮರದ ತೆಳುವಾದ ಪದರ. ಇದಕ್ಕೆ ಎಂಜಿನಿಯರ್ಡ್ ಮರವೆಂದು ಹೆಸರು. ಇದರಲ್ಲಿ ಮೋಸವೇನೂ ಇಲ್ಲ. ಈ ಕಟ್ಟಿನಿಂದಾಗಿ ಇದು ಮಳೆಗಾಲದಲ್ಲಿ ಇಡೀ ಮರದ ಹಲಗೆಯಷ್ಟು ಉಬ್ಬುವುದಿಲ್ಲ, ಬೇಸಿಗೆಯಲ್ಲಿ ಅಷ್ಟು ಕುಗ್ಗುವುದೂ ಇಲ್ಲ.

ನನ್ನ ತಾಯಿ ಕೊನೆಯ ಎರಡು ವರ್ಷಗಳನ್ನು ಆ ಕೋಣೆಯಲ್ಲಿ ಕಳೆದರು. ಮಂಚದಿಂದ ಕಿಟಕಿಯವರೆಗೆ ಅವರ ವಾಕರಿನ ಕಾಲುಗಳು ಎಳೆದ ಗೀರುಗಳು ಉಳಿದಿದ್ದುವು. ಮನೆಯನ್ನು ಮಾರಬೇಕಾಗಿ ಬಂದಾಗ, ನೆಲವನ್ನು ಉಜ್ಜಿಸಿ ವಾರ್ನಿಷ್ ಹಾಕಿಸಿದರೆ ಒಳ್ಳೆಯ ಬೆಲೆ ಬರುತ್ತದೆಂದು ಮಗ ಆಚಾರಿಯನ್ನು ಕರೆಸಿದ. ಅವರು ಬಾಗಿಲ ಬಳಿಯ ಪಟ್ಟಿ ಬಿಚ್ಚಿ ಹಲಗೆಯ ಅಂಚನ್ನು ನೋಡಿದರು.

“ಸ್ವಾಮಿ, ಹಾಕಿದಾಗ ಮೇಲಿನ ಮರ ಎರಡು ಮಿಲಿಮೀಟರ್ ಇದ್ದಿರಬೇಕು. ಒಂದು ಸಲ ನೀವು ಉಜ್ಜಿಸಿದೀರಿ. ಮೆಷಿನ್ ಹಿಡಿದರೆ ಇನ್ನೊಂದೇ ಸಲ. ಆಮೇಲೆ ಪ್ಲೈವುಡ್ಡೇ.”

“ಒಂದು ಸಲ ಸಾಕಲ್ಲಪ್ಪ. ಕೊಳ್ಳೋರೇನು ಅಳತೆ ಹಿಡಿದು ನೋಡ್ತಾರಾ?” ಎಂದ ಮಗ.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅದು ನನ್ನನ್ನು ಕಾಡಿತು. ಉಜ್ಜಿದ ನೆಲ ಹೊಳೆಯುತ್ತದೆ. ಇನ್ನೆಷ್ಟು ಉಳಿದಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಆ ಹೊಳಪಿನ ಬೆಲೆ ನಮಗೆ, ಸವೆತ ಮುಂದೆ ಬರುವವರಿಗೆ. ಅಜ್ಜಿಯ ನೆಲದಲ್ಲಿ ಈ ತೊಡಕಿರಲಿಲ್ಲ. ಎಷ್ಟು ಸಾರಿಸಿದರೂ ಯಾರ ಪಾಲೂ ಕಡಿಮೆಯಾಗುತ್ತಿರಲಿಲ್ಲ. ಇಷ್ಟೇ ಸಲ ಎಂಬ ಎಣಿಕೆಯಿರುವ ವಸ್ತುವಿನ ವಿಷಯ ಬೇರೆ. ಅದನ್ನು ಬಳಸುವವನು ಎಣಿಕೆಯನ್ನೂ ಒಪ್ಪಿಸಿ ಹೋಗಬೇಕು.

ಆದರೆ ಇನ್ನೊಂದು ಅನುಮಾನವೂ ಬಂತು. ಆ ಗೀರುಗಳು ಅಳಿಯುವುದು ನನಗೇ ಬೇಡವಾಗಿತ್ತಲ್ಲ! ನನ್ನ ದುಃಖಕ್ಕೆ ಧರ್ಮದ ಅಂಗಿ ತೊಡಿಸುತ್ತಿದ್ದೇನೆಯೇ? ಅಲ್ಲದೆ, ಪದರವಿರುವುದು ಬಳಕೆಗೆ. ಎಂದೂ ಮುಟ್ಟದೆ ಕಾಯುವುದು ಜಿಪುಣನ ಗಂಟು ಕಾಯ್ದಂತೆ. ಹಾಗಾದರೆ ಅಗತ್ಯವೆಷ್ಟು, ಆಡಂಬರವೆಷ್ಟು ಎಂದು ತಿಳಿಯುವುದು ಹೇಗೆ?

ಆಚಾರಿಯೇ ದಾರಿ ತೋರಿಸಿದರು. ನೆಲದ ಮೇಲೆ ಅಲ್ಲಲ್ಲಿ ಒಂದೊಂದು ಹನಿ ನೀರು ಬಿಟ್ಟರು. ಹನಿ ಮಣಿಯಂತೆ ನಿಂತರೆ ವಾರ್ನಿಷ್ ಗಟ್ಟಿಯಿದೆ; ಹೀರಿಕೊಂಡು ಕಪ್ಪಾದರೆ ಮರ ಬರಿದಾಗಿದೆ. ಎಲ್ಲ ಕಡೆಯೂ ಹನಿ ನಿಂತಿತು, ಕಿಟಕಿಯ ಬಳಿ ಅಂಗೈಯಗಲದ ಜಾಗದ ಹೊರತು. ತಾಯಿ ನಿಂತು ಬೀದಿ ನೋಡುತ್ತಿದ್ದ ಜಾಗ ಅದು.

ಮೆಷಿನ್ ಬೇಡವೆಂದು ಹೇಳಿದೆ. ಮಗ ಒಲ್ಲದ ಮನಸ್ಸಿನಿಂದಲೇ ಒಪ್ಪಿದ. ಇಬ್ಬರೂ ಮುಖಗವಸು ಕಟ್ಟಿಕೊಂಡು ಎರಡು ದಿನ ನುಣ್ಣನೆಯ ಮರಳುಕಾಗದದಿಂದ ಹಳೆಯ ವಾರ್ನಿಷ್ಷನ್ನಷ್ಟೆ ಮೆಲ್ಲಗೆ ತಿಕ್ಕಿದೆವು. ಬರಿದಾದ ಕಡೆ ಮಾತ್ರ ಮರಕ್ಕೂ ಕೈಹಚ್ಚಿದೆವು. ಧೂಳು ಒರೆಸಿ ಹೊಸ ವಾರ್ನಿಷ್ ಬಳಿದೆವು. ತಾಯಿಯ ಗೀರುಗಳಲ್ಲಿ ಬಹುಪಾಲು ಹೋದುವು. ಆಳವಾದ ಎರಡು ಮೂರು ಉಳಿದುವು. ಹೋದವುಗಳಿಗಾಗಿ ನನಗೆ ನೋವಾಯಿತು. ತೀರ್ಮಾನ ಬರಿಯ ಸ್ವಾರ್ಥದ್ದಲ್ಲವೆಂದು ಆ ನೋವಿನಿಂದಲೇ ಕೊಂಚ ಸಮಾಧಾನವೂ ಆಯಿತು.

ಕೊಳ್ಳಲು ಬಂದವರಿಗೆ ಮಗನೇ ಬಾಗಿಲ ಬಳಿಯ ಪಟ್ಟಿ ಬಿಚ್ಚಿ, “ಇನ್ನೊಂದು ಸಲ ಉಜ್ಜಿಸಬಹುದು, ಅಷ್ಟೆ” ಎಂದು ತೋರಿಸಿದ. ಅವರು ಬೆಲೆ ಇಳಿಸಿ ಕೇಳಿದರು. ಮಗ ನನ್ನ ಮುಖ ನೋಡಿದ, ಆಮೇಲೆ ಒಪ್ಪಿಕೊಂಡ.